ನೀರು ಬಿಟ್ಟು ಕೂತ ಮುತ್ಯಾ

ಬೇರೆಯವರಿಗೆ ಹಳೆಯ ನೆನಪು ಮಲ್ಲಿಗೆಯ ವಾಸನೆಗೆ ಬರುತ್ತದಂತೆ, ಇಲ್ಲವೇ ಮೊದಲ ಮಳೆಯ ಮಣ್ಣಿನ ವಾಸನೆಗೆ. ನನಗೆ ಬಂದದ್ದು ಫಿನೈಲ್ ವಾಸನೆಗೆ. ನನ್ನ ಯೋಗ್ಯತೆಯೇ ಅಷ್ಟು. ಮೊನ್ನೆ ಜೇವರ್ಗಿಯಲ್ಲಿ, ನಾನು ಪಾಠ ಹೇಳುವ ಕಾಲೇಜಿನ ಬಚ್ಚಲಿಗೆ ಜವಾನ ಒಂದು ಬಾಟಲಿ ಫಿನೈಲನ್ನು ಪೂರಾ ಸುರಿದುಬಿಟ್ಟಿದ್ದ. ಮೂಗು ಮುಚ್ಚಿಕೊಂಡು ಒಳಗೆ ಕಾಲಿಟ್ಟವನು ಅಲ್ಲೇ ನಿಂತೆ. ಬಚ್ಚಲ ಮೋರಿಯ ಮುಂದೆ ಮೊಣಕಾಲೂರಿ, ತೋಳಿನ ತನಕ ಕೈ ಒಳಗೆ ಬಿಟ್ಟು, ಅಳಬೇಕೋ ನಗಬೇಕೋ ತಿಳಿಯದೆ ತಡಕಾಡುತ್ತಿದ್ದ ನಾನೇ ನನ್ನ ಕಣ್ಣಿಗೆ ಕಟ್ಟಿದೆ. ನನ್ನ ಹಿಂದೆ ಒದ್ದೆ ಧೋತರದಲ್ಲಿ, ಗೋಡೆಗೆ ಆನಿಕೊಂಡು ಮುತ್ಯಾ...

"ಸರ, ಆತೇನ್ರಿ?" ಎಂದು ಜವಾನ ಹೊರಗಿನಿಂದ ಕೇಳಿದ. ಬಂದ ಕೆಲಸ ಮರೆತು ಹಾಗೇ ಹೊರಗೆ ಬಂದೆ.

ಮುತ್ಯಾ ನನ್ನ ರಕ್ತಸಂಬಂಧಿ ಅಲ್ಲ. ಅಫಜಲಪುರ ತಾಲೂಕಿನ ಕರಜಗಿಯಲ್ಲಿ ನಮ್ಮ ಎದುರು ಮನೆಯವನು. ತಲೆ ನೆರೆತ ಗಂಡಸರನ್ನೆಲ್ಲ ಮುತ್ಯಾ ಎನ್ನುವುದು ನಮ್ಮ ಕಡೆಯ ರೂಢಿ. ಹಾಗೆ ಕರೆಸಿಕೊಂಡವರು ಹುಡುಗರ ಕಿವಿ ಹಿಂಡುತ್ತಾರೆ, ತಿನ್ನಲು ಪುಟಾಣಿ ಕೊಡುತ್ತಾರೆ. ಈ ಮುತ್ಯಾ ಮಾತ್ರ ನನ್ನ ಕಾಲಿಗೆ ಬೀಳುತ್ತಿದ್ದ. ನಮ್ಮದು ಅಯ್ಯನವರ ಮನೆ. ಅವನ ಮನೆತನಕ್ಕೆ ನಮ್ಮ ಮನೆಯೇ ಗುರುಮನೆ. ಅವರಲ್ಲಿ ಕೂಸು ಹುಟ್ಟಿದರೆ ಅದರ ಕೊರಳಿಗೆ ಲಿಂಗ ಕಟ್ಟಲು ನಮ್ಮ ಮನೆಯವರೇ ಹೋಗಬೇಕು. ಬೇರೆ ಮಠದ ಸ್ವಾಮಿಗಳು ಎಷ್ಟೇ ದೊಡ್ಡವರಿರಲಿ, ಆ ಕೆಲಸ ಅವರಿಗೆ ಸಲ್ಲದು. ಹೀಗಾಗಿ ನಾನು ಹರಿದ ಚಡ್ಡಿಯಲ್ಲಿ ಗೋಲಿ ಆಡುತ್ತಿದ್ದರೂ ಮುತ್ಯಾ ಹೊಲದಿಂದ ಬರುವಾಗ ನಿಂತು, ಬಗ್ಗಿ, ನನ್ನ ಧೂಳುಗಾಲು ಮುಟ್ಟಿ, "ಅಯ್ನೋರ, ಶರಣ್ರಿ" ಎನ್ನುತ್ತಿದ್ದ. ನಾನು ಅವನಿಗೆ "ನೀ", ಅವನು ನನಗೆ "ನೀವ್ರಿ." ಒಮ್ಮೆ ಹೀಗೆ ಬಗ್ಗಿದಾಗ ಅವನ ರುಮಾಲು ಎಗರಿಸಿಕೊಂಡು ಓಡಿ, ಹುಣಸೇಮರ ಹತ್ತಿ ಕೂತಿದ್ದೆ. ನಮ್ಮಪ್ಪ ಬಡಿಗೆ ಹುಡುಕುತ್ತಿದ್ದರೆ ಮುತ್ಯಾ ಬೋಳುತಲೆಯಲ್ಲೇ ಕೈಮುಗಿದು, "ಇರ್ಲಿ ಬಿಡ್ರಿ, ಗುರುವಿನ ಲೀಲಾ" ಎಂದ. ಇಂಥವನ ಮುಂದೆ ಹುಡುಗಾಟ ಮಾಡಿ ಏನು ಸುಖ?

ಮುಂದೆ ನಾನು ಗುಲ್ಬರ್ಗಾದಲ್ಲಿ ಯೂನಿವರ್ಸಿಟಿ ಹಾಸ್ಟೆಲ್ ಸೇರಿದೆ. ನಮ್ಮಪ್ಪ ತಿಳಿದದ್ದು ಮಗ ಓದಲು ಹೋದನೆಂದು. ಊರವರು ತಿಳಿದದ್ದು ಗುಲ್ಬರ್ಗಾದಲ್ಲಿ ತಮಗೊಂದು ಧರ್ಮಶಾಲೆ ಆಯಿತೆಂದು. ದವಾಖಾನೆಗೆ ಬಂದವರು, ಕೋರ್ಟಿಗೆ ಬಂದವರು, ಹೆಣ್ಣು ನೋಡಲು ಬಂದವರು, ಸುಮ್ಮನೆ ಊರು ನೋಡಲು ಬಂದವರು, ಎಲ್ಲರೂ ನನ್ನ ರೂಮಿಗೇ. ನನ್ನ ಜೊತೆ ಇದ್ದವನು ಆಳಂದದವನು. ಅವನ ಕಡೆಯವರು ಬಂದರೆ ನಾನು ನೆಲಕ್ಕೆ, ನನ್ನ ಕಡೆಯವರು ಬಂದರೆ ಅವನು ನೆಲಕ್ಕೆ. ಎರಡೂ ಕಡೆಯವರು ಒಂದೇ ದಿನ ಬಂದರೆ ನಾವಿಬ್ಬರೂ ಗಚ್ಚಿನ ಮೇಲೆ, ಆಕಾಶದ ಕೆಳಗೆ. ಜೇವರ್ಗಿ ಕಡೆಯವರನ್ನು ನೋಡಿಕೊಳ್ಳಲು ಗೇಟಿನ ಚಾಚಾ ಇದ್ದ. ಅವನು ಹಾಸ್ಟೆಲಿನ ವಾಚ್‌ಮನ್, ಜೇವರ್ಗಿ ತಾಲೂಕಿನ ಕೊಳಕೂರಿನವನು. ಗೇಟಿನಲ್ಲಿ "ಹೊರಗಿನವರಿಗೆ ಪ್ರವೇಶವಿಲ್ಲ" ಎಂಬ ಬೋರ್ಡಿತ್ತು. ಅದರ ಮೊಳೆಗೆ ಹೊರಗಿನವರೇ ತಮ್ಮ ಚೀಲ ತೂಗುಹಾಕಿ ಬೀಡಿ ಹಚ್ಚುತ್ತಿದ್ದರು.

ಲಾಡ್ಜಿಗೆ ಹೋಗಿ ಎಂದರೆ ನಮ್ಮೂರವರು ಮುಖ ಸಿಂಡರಿಸುತ್ತಿದ್ದರು. ಲಾಡ್ಜಿನಲ್ಲಿ ತಿಗಣಿ ಕಡಿಯುತ್ತವೆ, ಅಲ್ಲಿಂದ ಹೊರಗೆ ಬರುವುದನ್ನು ಯಾರಾದರೂ ನೋಡಿದರೆ ಹೆಸರು ಕೆಡುತ್ತದೆ ಎಂಬುದು ಅವರ ವಾದ. ತಿಗಣಿ ನಮ್ಮಲ್ಲೂ ಇದ್ದವು. ಆದರೆ ನಮ್ಮವು ಓದಿದ ತಿಗಣಿ.

ಆ ವರ್ಷ ಬೇಸಿಗೆ ರಜೆಗೆ ಹಾಸ್ಟೆಲು ಖಾಲಿಯಾಗಿತ್ತು. ಮೆಸ್ ಬಂದ್. ಪೇಪರು ತಿದ್ದಲು ಬಂದ ಪರವೂರ ಮೇಷ್ಟರುಗಳಿಗೆ ಕೆಲವು ರೂಮು ಕೊಟ್ಟಿದ್ದರು. ಆಳಂದದವನೂ ನಾನೂ ನಪಾಸಾದ ಪೇಪರುಗಳಿಗೆ ಓದುವ ನೆಪ ಹೇಳಿ ಉಳಿದುಕೊಂಡಿದ್ದೆವು. ಆಗ ಬಂದ ಮುತ್ಯಾ. ಮಕ್ಕಳ ಕೈಗೆ ಹೊಲ ಕೊಟ್ಟು, ಇನ್ನು ಊರು ನೋಡುತ್ತೇನೆಂದು ಹೊರಟಿದ್ದ. ಅಲ್ಲಿತನಕ ಭೀಮೆಯ ದಂಡೆಯ ಘತ್ತರಗಿಯ ಆಚೆ ಕಾಲಿಟ್ಟವನಲ್ಲ. ಕೈಚೀಲದಲ್ಲಿ ಖಟಕ ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ, ವಿಭೂತಿ ಗಟ್ಟಿ, ಒಂದು ತಾಮ್ರದ ತಂಬಿಗೆ.

ಅವನನ್ನು ಒಳಗೆ ಬಿಡಿಸಲು ನಾನು ಬುದ್ಧಿ ಓಡಿಸಿದೆ. ಓಡಿಸಬಾರದಿತ್ತು. "ಚಾಚಾ, ಇವ್ರು ಪೇಪರ್ ತಿದ್ದಾಕ ಬಂದಾರ" ಎಂದೆ.

ಚಾಚಾ ಮುತ್ಯಾನ ಮೊಣಕಾಲ ಧೋತರ, ಹೆಗಲ ಕಂಬಳಿ, ಕೆರ ಎಲ್ಲ ನೋಡಿದ. "ಹೌದ್ರಿ? ಏನ್ ವಿಷಯಾರೀ ನಿಮ್ದು?"

"ಜ್ವಾಳ, ತೊಗರಿರೀ," ಎಂದ ಮುತ್ಯಾ. "ಸ್ವಲ್ಪ ಕುಸುಬಿ."

"ಬರೋಬ್ಬರಿ. ಇಂಥಾ ಪ್ರೊಫೆಸರೇ ಬೇಕಾಗಿದ್ರು" ಎಂದು ಚಾಚಾ ಗೇಟು ತೆಗೆದ. ನನ್ನ ಕಿವಿಯ ಹತ್ತಿರ ಬಂದು, "ಸ್ವಾಮಿ, ಸುಳ್ಳ ಹೇಳಾಕ ನಿನಗ ಬರಂಗಿಲ್ಲ. ಮುಂದಿನ ಸಲ ಸುಮ್ಕ ಕರ್ಕೊಂಡ್ ಬಾ" ಎಂದ.

ಮೊದಲ ದಿನ ಕಿಲ್ಲೆ ತೋರಿಸಿದೆ, ಸ್ಟೇಷನ್ನಿಗೆ ಕರೆದುಕೊಂಡು ಹೋಗಿ ರೈಲು ತೋರಿಸಿದೆ. ಬೊಂಬಾಯಿ ಕಡೆಯ ಗಾಡಿ ತುಂಬಿ ತುಳುಕುತ್ತಿತ್ತು. ಮುತ್ಯಾ ಬಹಳ ಹೊತ್ತು ನೋಡಿ, "ಇಷ್ಟು ಮಂದಿ ಎಲ್ಲಿಗ್ ಹೊಂಟಾರ್ರಿ ಅಯ್ನೋರ? ಇವ್ರ ದನಕ್ಕ ಮೇವು ಹಾಕೋರ್ಯಾರು?" ಎಂದ.

ಮರುದಿನ ಬೆಳಿಗ್ಗೆ ನಾನು ಮತ್ತೊಂದು ಬುದ್ಧಿ ಓಡಿಸಿದೆ. ನಮ್ಮ ಬಚ್ಚಲಲ್ಲಿ ಶವರ್ ಇತ್ತು. "ಮುತ್ಯಾ, ಬಾ, ಇಲ್ಲಿ ಹೊಳಿ ಮ್ಯಾಲಿಂದ ಬೀಳ್ತದ" ಎಂದು ಅವನನ್ನು ಅದರ ಕೆಳಗೆ ನಿಲ್ಲಿಸಿ ನಲ್ಲಿ ಪೂರಾ ತಿರುಗಿಸಿದೆ. ಟಾಕಿ ಆಗಷ್ಟೇ ತುಂಬಿತ್ತು. ನೀರು ಬಡಿದ ಏಟಿಗೆ ಮುತ್ಯಾ ಹೌಹಾರಿ, ಆಮೇಲೆ ಕೂಸಿನ ಹಾಗೆ ನಗತೊಡಗಿದ. ನಾನು ಹೊರಗೆ ನಿಂತು ನಗುತ್ತಿದ್ದೆ. ಮೈ ಉಜ್ಜಿಕೊಳ್ಳುವಾಗ ಅವನ ಕೊರಳ ಶಿವದಾರ, ಜೀರ್ಣವಾದ ನೂಲು, ಪಟ್ಟನೆ ಹರಿಯಿತು. ಲಿಂಗ ಕಟ್ಟಿದ್ದ ವಸ್ತ್ರ ಬಿಚ್ಚಿಕೊಂಡು ಬಿತ್ತು. ಒಳಗಿನ ಲಿಂಗ ನೀರಿನ ಜೊತೆ ಉರುಳಿ ಮೋರಿಗೆ ಹೋಯಿತು. ಮೋರಿಯ ಜಾಲರಿ ಎಂದೋ ಕಿತ್ತುಹೋಗಿತ್ತು.

ನಗು ನಿಂತದ್ದು ಕೇಳಿ ನಾನು ಇಣುಕಿದೆ.

"ಅಯ್ನೋರ..." ಎಂದ ಮುತ್ಯಾ. "ಲಿಂಗರೀ..." ಎಂದು ಮೋರಿಯ ಕಡೆ ಕೈ ತೋರಿಸಿದ.

ನಲ್ಲಿ ಬಂದ್ ಮಾಡಿ, ಫಿನೈಲ್ ನಾರುತ್ತಿದ್ದ ಮೋರಿಗೆ ಕೈ ಹಾಕಿದೆ. ಕೂದಲು, ಸಾಬೂನಿನ ಚೂರು, ಬ್ಲೇಡು, ಯಾರದೋ ಹಲ್ಲುಜ್ಜುವ ಬ್ರಷ್ಷು ಸಿಕ್ಕಿತು. ಲಿಂಗ ಸಿಗಲಿಲ್ಲ. ನನ್ನ ಕೂಗಿಗೆ ಆಳಂದದವನು ಓಡಿ ಬಂದ, ಚಾಚಾ ಬಂದ. ಚಾಚಾ ನೋಡಿದವನೇ ಮೇಲೆ ಹೋಗಿ ಟಾಕಿಯ ನೀರು ನಿಲ್ಲಿಸಿದ. "ಯಾರೂ ಒಂದು ಹನಿ ಬಿಡಬ್ಯಾಡ್ರಿ. ನೀರ್ ಬಿಟ್ರ ಮುಂದ್ ಹೋಗ್ತದ" ಎಂದು ಹಾರೆ ತಂದು ಹಾಸ್ಟೆಲಿನ ಹಿಂದೆ, ಪೈಪು ಹೋಗಿ ಸೇರುವ ಜಾಗ ಅಗೆಯತೊಡಗಿದ.

ಇದು ಬರೀ ಕಳೆದ ವಸ್ತುವಿನ ಮಾತಾಗಿದ್ದರೆ ನಾನು ಅದಕ್ಕೂ ಒಂದು ಜೋಕು ಹೊಡೆಯುತ್ತಿದ್ದೆ. ಆದರೆ ಮುತ್ಯಾನ ನೇಮ ಊರಿಗೆಲ್ಲ ಗೊತ್ತು. ಬೆಳಿಗ್ಗೆ ಎದ್ದು ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜೆ ಮಾಡುವ ತನಕ ಅವನು ಬಾಯಿಗೆ ಒಂದು ಹನಿ ನೀರು ಕೂಡ ಹಾಕುವವನಲ್ಲ. ಜ್ವರದಲ್ಲಿ ಬಿದ್ದಾಗಲೂ ಹಾಕಿರಲಿಲ್ಲ. ಈಗ ಲಿಂಗವೇ ಇಲ್ಲ. ಹಿಂದಿನ ಸಂಜೆ ಕುಡಿದ ನೀರೇ ಕೊನೆ. ಹೊರಗೆ ಗುಲ್ಬರ್ಗಾದ ಮೇ ತಿಂಗಳ ಬಿಸಿಲು, ಕಾಗೆ ಕೂಡ ಬಾಯಿ ತೆರೆದುಕೊಂಡು ಕೂರುವ ಬಿಸಿಲು.

ಮುತ್ಯಾ ವರಾಂಡದ ಕಟ್ಟೆಯ ಮೇಲೆ ಕೂತ. ಕಣ್ಣು ಮುಚ್ಚಿದ. ಎಡ ಅಂಗೈ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡ. ಅದರಲ್ಲಿ ಏನೂ ಇರಲಿಲ್ಲ. ಆ ಖಾಲಿ ಅಂಗೈ... ಅದನ್ನು ನೋಡಲಾಗದೆ ನಾನು ಮತ್ತೆ ಮತ್ತೆ ಹೋಗಿ ಮೋರಿಯಲ್ಲಿ ಕೈ ಹಾಕುತ್ತಿದ್ದೆ.

ಹೊತ್ತು ಏರಿತು. ಚಾಚಾ ಮಣ್ಣುಗೈ ತೊಳೆದು ತಂಬಿಗೆ ಹಿಡಿದು ಬಂದ. "ಮುತ್ಯಾ, ಒಂದ್ ಗುಟುಕು. ದೇವ್ರು ಏನ್ ಅನ್ನಂಗಿಲ್ಲ."

"ದೇವ್ರು ಅನ್ನಂಗಿಲ್ಲಪ್ಪ," ಎಂದ ಮುತ್ಯಾ ಕಣ್ಣು ತೆರೆಯದೆ. "ಗಂಟಲದಾಗ ಇಳಿಯಂಗಿಲ್ಲ."

ಮಧ್ಯಾಹ್ನಕ್ಕೆ ಅವನ ತುಟಿ ಬಿರಿದವು. ಕೂತಲ್ಲೇ ಒಮ್ಮೆ ವಾಲಿದ. ಆಳಂದದವನು ನನ್ನನ್ನು ಕಂಬದ ಹಿಂದೆ ಎಳೆದ.

"ಲೇ, ಮುದುಕ ಸಾಯ್ತಾನಲೇ. ಊರಿಗಿ ಬಸ್ಸಿಗಿ ಹಾಕು."

"ಅಫಜಲಪುರ ಮುಟ್ಟೂ ತನಕ ತಡೀತಾನೇನಲೇ ಈ ಬಿಸಿಲಾಗ? ಮುಟ್ಟಿದ್ರೂ ನಮ್ಮಪ್ಪ ಊರಾಗಿಲ್ಲ. ಲಗ್ನಕ್ಕ ಸೊಲ್ಲಾಪುರಕ್ಕ ಹೋಗ್ಯಾನ."

"ಹಂಗಾದ್ರ ಇಲ್ಲಿ ಯಾವ್ದಾರ ಮಠಕ್ಕ ಹೋಗೂಣು."

"ಅಂವ ಒಪ್ಪಂಗಿಲ್ಲ. ಅವ್ರ ಮನಿಗಿ ನಮ್ಮ ಮನಿಯವ್ರೇ ಕಟ್ಟಬೇಕು."

ಆಳಂದದವನು ನನ್ನನ್ನೇ ನೋಡಿದ. ನಾನು ಬೇರೆ ಕಡೆ ನೋಡಿದೆ. ಬೆಳಗಿನಿಂದ ನಾನು ಹೆದರಿದ್ದು ಇದಕ್ಕೇ.

"ಅಂದ್ರ ನೀ ಯಾರ ಮನಿಯಾವಲೇ?"

"ನನಗ ಮಂತ್ರ ಬರಂಗಿಲ್ಲೋ ಮಾರಾಯ!"

"ಸಿನಿಮಾ ಹಾಡು ಬರ್ತಾವ, ನಾಟಕದ ಡೈಲಾಗ್ ಬರ್ತಾವ, ಮೇಷ್ಟ್ರಂಗ ಕೆಮ್ಮಾಕ ಬರ್ತದ. ಇದೊಂದು ಬರಂಗಿಲ್ಲ!"

ನಿಜಕ್ಕೂ ಬರುತ್ತಿರಲಿಲ್ಲ. ಬಂದಿದ್ದರೂ ನನ್ನಂಥವನು ಆ ಮಾತನ್ನು ಅವನ ಕಿವಿಯಲ್ಲಿ ಹೇಳಿದರೆ ಅದು ಮಂತ್ರವಾಗುತ್ತದೆಯೇ? ಪರೀಕ್ಷೆಯಲ್ಲಿ ಎಷ್ಟೋ ಸಲ ಗೊತ್ತಿಲ್ಲದ್ದನ್ನು ಗೊತ್ತಿರುವಂತೆ ಬರೆದವನು ನಾನು. ಅಲ್ಲಿ ಸೊನ್ನೆ ಬಿದ್ದರೆ ನನಗೆ ಬೀಳುತ್ತಿತ್ತು. ಇಲ್ಲಿ...

ಕಡೆಗೆ ಆಳಂದದವನೇ ದಾರಿ ತೆಗೆದ. ಸೈಕಲ್ ಹತ್ತಿ ಹೋಗಿ, ಗುಡಿಯ ಮುಂದಿನ ಅಂಗಡಿಯಿಂದ ಒಂದು ಹೊಸ ಲಿಂಗ, ವಸ್ತ್ರ, ಶಿವದಾರ ತಂದ. "ಇದನ್ನೇ ಕೊಟ್ಟು ಸಿಕ್ತು ಅನ್ನು. ನೀರರ ಕುಡೀಲಿ. ಆಮ್ಯಾಲ ನಿಮ್ಮಪ್ಪ ನೋಡ್ಕೋತಾನ." ಹೊಸದು ಬಹಳ ಹೊಳೆಯುತ್ತಿತ್ತು. ಹಳೆಯದಾಗಿ ಕಾಣಲೆಂದು ಅದಕ್ಕೆ ಮೋರಿಯ ಮಣ್ಣು ಸವರಿ, ನೀರಲ್ಲಿ ಅರ್ಧ ತೊಳೆದು, ನಾಟಕದಲ್ಲಿ ದೂತ ಓಡಿ ಬರುವಂತೆ ಏದುಸಿರು ಬಿಡುತ್ತ ಓಡಿದೆ.

"ಸಿಕ್ತು ಮುತ್ಯಾ! ಸಿಕ್ತು!"

ಮುತ್ಯಾ ಕಣ್ಣು ತೆರೆದ. ಆ ಬಿರಿದ ತುಟಿಯಲ್ಲಿ ಒಂದು ನಗು ಬಂತು. ಅಂಗೈ ಮುಂದೆ ಚಾಚಿದ. ಅದರಲ್ಲಿ ಲಿಂಗ ಇಟ್ಟೆ. ಬೆರಳು ಮೆಲ್ಲಗೆ ಮುಚ್ಚಿಕೊಂಡವು. ಮುತ್ಯಾ ಮತ್ತೆ ಕಣ್ಣು ಮುಚ್ಚಿದ. ನಾನು ಉಸಿರು ಬಿಡಲಿಲ್ಲ. ಕಂಬದ ಹಿಂದಿನ ಆಳಂದದವನೂ ಬಿಡಲಿಲ್ಲ ಎಂದು ಕಾಣುತ್ತದೆ. ಹಾಸ್ಟೆಲಿನ ಹಿಂದೆ ಚಾಚಾನ ಹಾರೆಯ ಸದ್ದು ಮಾತ್ರ ಕೇಳುತ್ತಿತ್ತು.

ನಗು ಆರಿಹೋಯಿತು.

"ಇದು ನಂದಲ್ರಿ, ಅಯ್ನೋರ."

ಹೊಡೆಯುತ್ತಾನೆ, ಶಾಪ ಹಾಕುತ್ತಾನೆ, ಏನಾದರೂ ಮಾಡಲಿ ಎಂದುಕೊಂಡೆ. ಮುತ್ಯಾ ಲಿಂಗವನ್ನು ತನ್ನ ಧೋತರದ ಚುಂಗಿನಿಂದ ಒರೆಸಿ, ನಾನು ಸವರಿದ್ದ ಮಣ್ಣನ್ನೆಲ್ಲ ತೆಗೆದು, ನನ್ನ ಕೈಗೇ ವಾಪಸ್ ಇಟ್ಟ.

"ಸಿಕ್ತು ಅಂತ ಕೊಡಬ್ಯಾಡ್ರಿ," ಎಂದ. "ಕೊಡ್ತೀನಿ ಅಂತ ಕೊಡ್ರಿ."

"ಮುತ್ಯಾ, ನಾ ಎಂಥಾಂವ ನಿನಗ ಗೊತ್ತಿಲ್ಲೇನೋ?"

"ಗೊತ್ತದ್ರಿ. ರುಮಾಲ ಕಸ್ಕೊಂಡು ಗಿಡ ಹತ್ತಿದವ್ರು." ಸ್ವಲ್ಪ ದಮ್ಮು ತೆಗೆದುಕೊಂಡ. "ಆದ್ರ ಗುರುಮನಿಯವ್ರು ಇಲ್ಲಿ ನೀವೊಬ್ರೇ ಅದೀರಿ. ನಾ ಎಲ್ಲಿಗ್ ಹೋಗ್ಲಿ?"

ನಾನು ಆ ಲಿಂಗವನ್ನು ಹಿಡಿದುಕೊಂಡೇ ಎದ್ದೆ.

ಚಾಚಾ ಒಂದು ಬಕೀಟು ನೀರು ಹಿಡಿದಿಟ್ಟಿದ್ದ. ಅದರಲ್ಲಿ ಹೊರಗೇ ನಿಂತು ಮೈ ತೊಳೆದುಕೊಂಡೆ. ಆಳಂದದವನು ತನ್ನ ಒಗೆದ ಲುಂಗಿ ಕೊಟ್ಟ. ಉಡುವಾಗ ಎರಡು ಸಲ ಕಳಚಿತು. ಯಾರೂ ನಗಲಿಲ್ಲ. ಹಣೆಗೆ ವಿಭೂತಿ ಹಚ್ಚಿಕೊಂಡೆ, ಮೂರು ಗೆರೆ ಹಾವಿನ ಹಾಗೆ ಹೋದವು. ಮುತ್ಯಾ ನನ್ನ ಪಾದ ತೊಳೆಯಲು ಬಗ್ಗಿದ. ಬೆಳಗಿನಿಂದ ಮೋರಿಯಲ್ಲಿ ನಿಂತ ಪಾದ. ಎಷ್ಟು ತೊಳೆದುಕೊಂಡಿದ್ದರೂ ಉಗುರಿನ ಸಂದಿಯಲ್ಲಿ ಕಪ್ಪು ಉಳಿದಿತ್ತು. "ಬ್ಯಾಡೋ ಮುತ್ಯಾ" ಎಂದೆ. ಅವನು ಕೇಳಿಸಿಕೊಳ್ಳಲಿಲ್ಲ. ಆ ಉಗುರುಗಳನ್ನೂ ಒಂದೊಂದಾಗಿ ತೊಳೆದ.

ನನಗೆ ಗೊತ್ತಿದ್ದದ್ದು ಐದಕ್ಷರ. ನನಗೆ ಅಯ್ಯಾಚಾರದ ದೀಕ್ಷೆ ಕೊಟ್ಟ ದಿನ ನಮ್ಮ ಅಜ್ಜ ನನ್ನ ಕಿವಿಯಲ್ಲಿ ಹೇಳಿದ್ದಷ್ಟೇ. ಆಗ ಅವನ ಮೀಸೆ ಚುಚ್ಚಿ ನಾನು ಕಿಸಕ್ಕನೆ ನಕ್ಕಿದ್ದೆನಂತೆ. ಈಗ ಮುತ್ಯಾನ ಬಲಗಿವಿಯ ಹತ್ತಿರ ಬಾಯಿ ಒಯ್ದೆ. ಮೊದಲ ಸಲ ಬರೀ ಗಾಳಿ ಬಂತು. ಎರಡನೆಯ ಸಲ ಅಕ್ಷರ ಬಂದವು. ಮೂರನೆಯ ಸಲ ಮುತ್ಯಾನೂ ಜೊತೆಗೆ ಅಂದ. ಲಿಂಗವನ್ನು ಅವನ ಅಂಗೈಯಲ್ಲಿಟ್ಟೆ.

ಅವನು ಪೂಜೆಗೆ ಕೂತ. ಅವಸರವೇ ಇಲ್ಲ. ನಮ್ಮ ಜೀವ ಹೋಗುತ್ತಿತ್ತು, ಅವನು ಆಳಂದದವನು ಕಿತ್ತು ತಂದ ಬೇವಿನ ಹೂವನ್ನು ಒಂದೊಂದಾಗಿ ಆರಿಸಿ ಏರಿಸುತ್ತಿದ್ದ. ಮುಗಿಯಿತು. ವಸ್ತ್ರದಲ್ಲಿ ಕಟ್ಟಿಕೊಂಡ. ಇನ್ನು ಕುಡಿಯುತ್ತಾನೆ ಎಂದು ನಾನು ತಂಬಿಗೆ ಮುಂದೆ ಮಾಡಿದೆ. ಹಿಡಿದುಕೊಂಡ, ಕುಡಿಯಲಿಲ್ಲ. ನನ್ನ ಮುಖ ನೋಡುತ್ತ ಕೂತ.

"ಅಪ್ಪಣಿ ಆಗ್ಲಿ, ಅಯ್ನೋರ."

"ಯಾತಕ್ಕೋ?"

"ನೀರ್ ಕುಡಿಯಾಕರೀ."

"ಕುಡಿಯೋ ಮುತ್ಯಾ! ಕುಡಿ! ಕುಡಿಯೋ!" ಎಂದು ಕಿರುಚಿದೆ. ಅಷ್ಟು ಮರ್ಯಾದೆಗೆಟ್ಟ ಅಪ್ಪಣೆಯನ್ನು ನಮ್ಮ ಮನೆತನದಲ್ಲಿ ಯಾರೂ ಕೊಟ್ಟಿರಲಿಕ್ಕಿಲ್ಲ. ಅವನು ತಂಬಿಗೆ ಎತ್ತಿದ. ಗಂಟಲ ಗಂಟು ಮೇಲೆ ಕೆಳಗೆ ಹೋಗುವುದನ್ನು ನಾವಿಬ್ಬರೂ ಕಣ್ಣು ಮಿಟುಕಿಸದೆ ನೋಡಿದೆವು.

ಆ ತಂಬಿಗೆ ಕೆಳಗಿಡುವಷ್ಟರಲ್ಲಿ ಹಿಂದಿನಿಂದ ಕೂಗು ಬಂತು. "ಮಿಲ್ ಗಯಾ! ಸಿಕ್ತು ಸ್ವಾಮಿ, ಸಿಕ್ತು!" ಚಾಚಾ ಸೊಂಟದ ತನಕ ಕೆಸರಾಗಿ ಬಂದ. ತಾನು ಮುಟ್ಟಬಾರದೆಂದು ಬಾದಾಮಿ ಗಿಡದ ಎಲೆಯ ಮೇಲೆ ಇಟ್ಟುಕೊಂಡು, ಎರಡೂ ಕೈಯಲ್ಲಿ ಹಿಡಿದು ತಂದಿದ್ದ. ಹಳೆಯ ಲಿಂಗ.

ನಾನು ಕುಣಿದುಬಿಟ್ಟೆ. ನನ್ನ ಗುರುತನ ರದ್ದಾಯಿತಲ್ಲ! "ಮುತ್ಯಾ, ನಿಂದು ಬಂತು ನೋಡು! ಅದನ್ನ ಬಿಚ್ಚು, ಇದನ್ನ ಕಟ್ಕೋ. ಹೊಸಾದು ಅಂಗಡಿಗಿ ವಾಪಸ್ ಕೊಟ್ಟು ಬರ್ತೀವಿ."

ಮುತ್ಯಾ ಎಲೆಯ ಮೇಲಿನ ಲಿಂಗವನ್ನು ಎತ್ತಿಕೊಂಡ. ಕಣ್ಣಿಗೆ ಒತ್ತಿಕೊಂಡ. ಬೆಳಗಿನಿಂದ ಅಳದವನು ಆಗ ಅತ್ತ. ಒಂದು ಕೈಯಲ್ಲಿ ಹುಟ್ಟಿದಂದಿನಿಂದ ಜೊತೆಗಿದ್ದದ್ದು, ಎದೆಯ ಮೇಲೆ ಈಗಷ್ಟೇ ಕಟ್ಟಿದ್ದು. ಕೈ ಕೊರಳಿನ ಗಂಟಿನ ತನಕ ಹೋಯಿತು, ಅಲ್ಲಿ ನಿಂತಿತು. ಬಿಚ್ಚು, ಬಿಚ್ಚು ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

ಕೈ ಇಳಿಯಿತು.

"ಲಿಂಗ ಅಂಗಡಿಗಿ ವಾಪಸ್ ಹೋಗ್ತದ್ರಿ, ಅಯ್ನೋರ," ಎಂದ. "ಕಿವ್ಯಾಗ ಹೇಳಿದ್ದು ಹ್ಯಾಂಗ ವಾಪಸ್ ಹೋಗ್ತದ?"

ಹಳೆಯದನ್ನು ಘತ್ತರಗಿಯಲ್ಲಿ ಭೀಮೆಗೆ ಬಿಟ್ಟೆವು. ಅವನು ಮೊಣಕಾಲುದ್ದ ನೀರಿನಲ್ಲಿ ನಿಂತು ಮೆಲ್ಲಗೆ ಬಿಟ್ಟ, ನಾನು ದಂಡೆಯ ಪಾವಟಿಗೆ ಮೆಟ್ಟಿಲ ಪಾಚಿಯ ಮೇಲೆ ಜಾರಿ ಬಟ್ಟೆ ಸಮೇತ ಬಿದ್ದೆ. ಮುತ್ಯಾ ನಗಲಿಲ್ಲ. ಕೈ ಕೊಟ್ಟು ಎತ್ತಿ, "ಶರಣ್ರಿ" ಎಂದ.

ಅಂದಿನಿಂದ ನನ್ನ ಬಾಳು ಹಾಳಾಯಿತು. ಮುತ್ಯಾ ಪ್ರತಿಯೊಂದಕ್ಕೂ ನನ್ನ ಅಪ್ಪಣೆ ಕೇಳತೊಡಗಿದ. ಎತ್ತು ಮಾರಲೇ, ಮೊಮ್ಮಗಳನ್ನು ಆ ಊರಿಗೆ ಕೊಡಲೇ, ಕಣ್ಣಿನ ಪೊರೆ ತೆಗೆಸಲೇ. ಎತ್ತಿನ ಹಲ್ಲು ಎಷ್ಟೆಂದು ತಿಳಿಯದ ನಾನು ನಾಲ್ಕು ಮಂದಿಯನ್ನು ಕೇಳಿ, ಎತ್ತಿನ ಮನೆಗೇ ಹೋಗಿ ನೋಡಿ, ಆಮೇಲೆ "ಹೂಂ" ಎನ್ನುತ್ತಿದ್ದೆ. ಒಂದು "ಹೂಂ" ಹೇಳಲು ಎರಡು ದಿನ ಹಿಡಿಯುತ್ತಿತ್ತು. ಆಳಂದದವನು ನಕ್ಕು ನಕ್ಕು ಸುಸ್ತಾದ. ಪ್ರತಿ ಬೇಸಿಗೆಗೆ ಮುತ್ಯಾ ಹಾಸ್ಟೆಲಿಗೆ ಬಂದೇ ಬರುತ್ತಿದ್ದ. ಚಾಚಾ ಗೇಟು ತೆಗೆದು, "ಪ್ರೊಫೆಸರ್ ಸಾಹೇಬ್ರು ಬಂದ್ರು" ಎಂದು ಸಲಾಮು ಹೊಡೆಯುತ್ತಿದ್ದ. ಮುತ್ಯಾ ಶವರಿನ ಕೆಳಗೆ ಮಾತ್ರ ಮತ್ತೆ ನಿಲ್ಲಲಿಲ್ಲ.

ಹೋದ ವರ್ಷದ ಚಳಿಯಲ್ಲಿ ಮುತ್ಯಾ ತೀರಿಕೊಂಡ. ನಾನು ಪರೀಕ್ಷೆಯ ಡ್ಯೂಟಿಗೆಂದು ಬಿಜಾಪುರದಲ್ಲಿದ್ದೆ. ಕರಜಗಿ ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು. ಮಣ್ಣು ಮಾಡುವ ಮುಂಚೆ ಗುರು ಸತ್ತವರ ತಲೆಯ ಮೇಲೆ ಪಾದವಿಡುವ ಕೆಲಸ ನಮ್ಮಪ್ಪ ಮಾಡಿದ್ದ. ಹಸಿ ಮಣ್ಣಿನ ಮುಂದೆ ನಿಂತಾಗ ಮುತ್ಯಾನ ಹಿರಿಯ ಮಗ ಹೇಳಿದ. ಕೊನೆಯ ಹೊತ್ತಿಗೆ ಬಾಯಿಗೆ ನೀರು ಹಿಡಿದರೆ ಮುಖ ಆಚೆ ತಿರುಗಿಸಿದನಂತೆ. "ಅಯ್ನೋರು ಬಂದ್ರೇನು?" ಎಂದನಂತೆ. ಇವರು ಬೇರೆ ದಾರಿ ಕಾಣದೆ, "ಬಂದಾರಪ್ಪ, ಇಲ್ಲೇ ಬಾಗಿಲದಾಗ ನಿಂತಾರ. ಕುಡಿ ಅಂದ್ರು" ಎಂದರಂತೆ.

ಕುಡಿದನಂತೆ.

ನಂಬಿ ಕುಡಿದನೋ, ಮಕ್ಕಳ ಕಷ್ಟ ನೋಡಲಾರದೆ ಕುಡಿದನೋ... ಅಂಗೈಗೆ ಬಂದದ್ದು ತನ್ನದಲ್ಲ ಎಂದು ಕಣ್ಣು ಮುಚ್ಚಿಯೇ ಹೇಳಿದವನು ಅವನು. ಯಾರನ್ನು ಕೇಳಲಿ?

ನಿನ್ನೆ ಪಾಠದ ನಡುವೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಸರ, ನೀರ್ ಕುಡದು ಬರ್ಲೇನ್ರಿ?" ಹಾಗೆ ಕೇಳಿದವರನ್ನು ಒಂದು ಜೋಕು ಹೊಡೆಯದೆ ನಾನು ಎಂದೂ ಕಳಿಸಿದವನಲ್ಲ. ಉಳಿದವರೆಲ್ಲ ನಗಲು ತಯಾರಾಗಿ ಕೂತಿದ್ದರು. ಬಾಗಿಲ ಕಡೆ ಕೈ ತೋರಿಸಿದೆ. ಅವನು ಹೋಗಿ, ಕುಡಿದು, ಬಾಯಿ ಒರೆಸಿಕೊಳ್ಳುತ್ತ ಬಂದು ಕೂರುವ ತನಕ ಪಾಠ ನಿಂತೇ ಇತ್ತು.